ನಲವತ್ತಮೂರು ಚೀಟಿಗಳು

ಹೆಂಡತಿಗೆ ಗ್ರಂಥಾಲಯದ ಮುಖ್ಯಸ್ಥೆಯ ಕುರ್ಚಿ ಸಿಕ್ಕ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡನೇ. ಅವನು ಅದೇ ಗ್ರಂಥಾಲಯದ ಬೈಂಡರ್. ಹರಿದ ಪುಸ್ತಕಗಳನ್ನು ಹೊಲಿದು, ರಟ್ಟು ಕಟ್ಟಿ, ಬೆನ್ನಿಗೆ ಬೂದು ಬಟ್ಟೆ ಅಂಟಿಸುವುದು ಅವನ ಕೆಲಸ. "ಇನ್ಮೇಲೆ ಮನೇಲೂ ಮೇಡಂ, ಆಫೀಸಲ್ಲೂ ಮೇಡಂ. ನಾನು ತಪ್ಪಿಸ್ಕೊಂಡು ಓಡೋದೆಲ್ಲಿಗೆ ಹೇಳಿ" ಎಂದು ಟೀ ಕೋಣೆಯಲ್ಲಿ ಬಾಕಿ ಹದಿನೈದು ಜನರನ್ನೂ ನಗಿಸಿದ. ನಗಿಸುವುದರಲ್ಲಿ ಅವನದು ಎತ್ತಿದ ಕೈ. ಇಪ್ಪತ್ತಾರು ವರ್ಷ ಪುಸ್ತಕಗಳ ನಡುವೆ ಕೂತರೂ ಒಂದನ್ನೂ ಓದಿಲ್ಲ ಎಂಬುದನ್ನು ಕೂಡ ಅವನು ತಮಾಷೆಯಾಗಿಯೇ ಹೇಳಿಕೊಳ್ಳುತ್ತಿದ್ದ. "ನನಗೆ ಪುಸ್ತಕಗಳ ಬೆನ್ನು ಗೊತ್ತು. ಮುಖ ನೋಡಿದೋನಲ್ಲ."

ಹೆಂಡತಿ ನಗುವವಳೂ ಅಲ್ಲ, ನಗಿಸುವವಳೂ ಅಲ್ಲ. ಇಪ್ಪತ್ತೆರಡು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಕಾರ್ಡು ಬರೆದವಳು. ಹೊಸದಾಗಿ ಬಂದ ಪುಸ್ತಕದ ಹೆಸರು, ಬರೆದವರು, ಪುಟ, ಕಟ್ಟು, ಬಂದ ಬಗೆ, ವಿಶೇಷವೇನಾದರೂ ಇದ್ದರೆ ಕೊನೆಗೆ ಒಂದು ಷರಾ, ಇಷ್ಟನ್ನು ಅಂಗೈಯಗಲದ ಕಾರ್ಡಿನಲ್ಲಿ ಇಳಿಸಬೇಕು. ಕಂಪ್ಯೂಟರ್ ಬಂದ ಮೇಲೂ ಆ ಗ್ರಂಥಾಲಯ ಕಾರ್ಡುಗಳನ್ನು ಬಿಟ್ಟಿರಲಿಲ್ಲ. ಹಳೆಯ ಮುಖ್ಯಸ್ಥ ನಿವೃತ್ತನಾದಾಗ ಹಿರಿತನದಲ್ಲಿ ಅವಳೇ ಮೊದಲಿದ್ದಳು. ಎರಡನೆಯವಳು ಕೌಂಟರಿನಾಕೆ. ಪುಸ್ತಕ ಕೊಡುವ, ಪಡೆಯುವ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಾ ಬಂದವಳು. ಕುರ್ಚಿ ತನಗೇ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಕುರ್ಚಿಯಲ್ಲಿ ಕೂತ ಮೇಲೆ ಹೊಸ ಮುಖ್ಯಸ್ಥೆ ಚೀಟಿ ಬರೆಯತೊಡಗಿದಳು. ಒಬ್ಬರೇ ಮಾತಾಡಿದರೆ ಅವಳಿಗೆ ತೊಂದರೆಯಿರಲಿಲ್ಲ. ಮೂವರು ಒಟ್ಟಿಗೆ ಬಾಯಿ ತೆರೆದರೆ ಅವರ ಮಾತು, ಫ್ಯಾನಿನ ಸದ್ದು, ಪುಸ್ತಕದ ಟ್ರಾಲಿಯ ಕಿರುಗುಟ್ಟುವ ಚಕ್ರ ಎಲ್ಲವೂ ಒಂದೇ ಗಾತ್ರದಲ್ಲಿ ಕಿವಿಗೆ ಬಿದ್ದು, ಯಾವುದೂ ಬಿಡಿಯಾಗಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಬರೆದು ಕೊಡುತ್ತಿದ್ದಳು, ಕೇಳಬೇಕಾದ್ದನ್ನು ಬರೆದು ಕೊಡಿ ಎನ್ನುತ್ತಿದ್ದಳು. ಎಂಟು ತಿಂಗಳಲ್ಲಿ ಕಾಣೆಯಾಗಿದ್ದ ಆರುನೂರು ಪುಸ್ತಕ ಕಪಾಟಿಗೆ ಬಂದವು. ಯಾರ ಪಾಳಿ ಯಾವಾಗ ಎಂಬುದು ಗೋಡೆಯ ಮೇಲೆ ಬಂತು. ಕೌಂಟರಿನಾಕೆಯ ಗೆಳತಿಯರಿಗೆ ಸಿಗುತ್ತಿದ್ದ ಶನಿವಾರದ ರಜೆ ಸರದಿಯ ಪ್ರಕಾರ ಎಲ್ಲರಿಗೂ ಸಿಕ್ಕಿತು. ಇದಕ್ಕೆಲ್ಲ ಸಿಕ್ಕ ಬಹುಮಾನವೆಂದರೆ 'ಚೀಟಿ ಮೇಡಂ' ಎಂಬ ಅಡ್ಡಹೆಸರು. ಅದನ್ನಿಟ್ಟವನು ಯಾರು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮನೆಯಲ್ಲೂ ಚೀಟಿಯೇ. ಅಡುಗೆಮನೆಯ ಡಬ್ಬಿಗಳ ಮುಚ್ಚಳದ ಮೇಲೆ, ನೀರಿನ ಪಂಪಿನ ಸ್ವಿಚ್ಚಿನ ಪಕ್ಕ, ಅತ್ತೆಯ ಮಾತ್ರೆಗಳ ಪೆಟ್ಟಿಗೆಯ ಒಳಗೆ. ಗಂಡನ ಊಟದ ಡಬ್ಬಿಯಲ್ಲಂತೂ ದಿನಕ್ಕೊಂದು. ಎದುರಿಗೆ ನಿಂತು ಹೇಳಲು ಬಾರದ್ದನ್ನು ಅವಳು ಅಲ್ಲಿ ಬರೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನು ಅವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಈಗ ಟೀ ಕೋಣೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ.

ವೈದ್ಯರ ಹತ್ತಿರ ಹೋಗುವ ಹಾಗೆ ಮಾಡಿದವಳು ಮಗಳು. ಅವಳಿಗೆ ಹತ್ತೊಂಬತ್ತು, ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಓದುತ್ತಿದ್ದಳು. ಅಲ್ಲಿ ಒಂದು ದಿನ ಪಾಠ ಕೇಳುತ್ತಾ, ತರಗತಿಯ ಯಾವುದೋ ಮಗುವಿನ ಬಗ್ಗೆ ಹೇಳುತ್ತಿದ್ದುದೆಲ್ಲ ತನ್ನ ಅಮ್ಮನ ಬಗ್ಗೆಯೇ ಎಂದು ಅವಳಿಗೆ ಅನ್ನಿಸಿತು. ಒಂದೂವರೆ ತಿಂಗಳು ಬೆನ್ನು ಬಿದ್ದು ಅಮ್ಮನನ್ನು ಕರೆದುಕೊಂಡು ಹೋದಳು. ಮೂರು ಸಲದ ಪರೀಕ್ಷೆಯಾದ ಮೇಲೆ ವೈದ್ಯೆ ಒಂದು ಕಾಗದ ಕೊಟ್ಟರು. ಆಟಿಸಂ ಎಂದು ಅದರಲ್ಲಿ ಬರೆದಿತ್ತು. ನಲವತ್ತೇಳು ವರ್ಷದ ಹೆಂಗಸು ಆ ಕಾಗದವನ್ನು ರಾತ್ರಿಯೂಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಅನ್ನ ಕಲಸಿದಳು.

"ಹಾಗಾದ್ರೆ ನಾನು ಕೆಟ್ಟವಳಲ್ಲ" ಎಂದಳು.

"ಕೆಟ್ಟವಳು ಅಂತ ನಿನಗೆ ಯಾರು ಹೇಳಿದ್ರು?" ಎಂದರು ಅತ್ತೆ.

"ನೀವೇ ಹೇಳಿದ್ದೀರಿ, ಮೂರು ಸಲ. ಒಂದು ಇವಳು ಹುಟ್ಟಿದ ವರ್ಷ. ಒಂದು..."

"ಸಾಕು, ಲೆಕ್ಕ ಬೇಡ." ಅತ್ತೆಗೆ ಎಪ್ಪತ್ತಾರು. ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಕಾಯಿಲೆಯ ವಿಷಯದಲ್ಲಿ ಬೇರೆಯವರ ಮಾತನ್ನು ಸುಲಭಕ್ಕೆ ಒಪ್ಪುವವರಲ್ಲ. "ನಮ್ಮ ಕಾಲದಲ್ಲಿ ಇದಕ್ಕೆ ಹಟ ಅಂತಿದ್ರು. ಮಾತ್ರೆ ಏನಾದ್ರೂ ಕೊಟ್ರಾ?"

"ಇದಕ್ಕೆ ಮಾತ್ರೆ ಇಲ್ಲ ಅಜ್ಜಿ. ಕಾಯಿಲೆ ಅಲ್ಲ ಇದು."

"ಮಾತ್ರೆ ಇಲ್ಲ, ಕಾಯಿಲೆ ಅಲ್ಲ, ಕಾಗದ ಮಾತ್ರ ಇದೆ. ಫೀಸು ತಗೊಂಡ್ರಲ್ಲ?"

ಬೈಂಡರ್ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಕೂತಿದ್ದ. ಅವನ ಬಾಯಿಂದ ಅಪರೂಪಕ್ಕೆ ತಮಾಷೆ ಹೊರಡಲಿಲ್ಲ.

"ನಾಳೆ ಆಫೀಸಲ್ಲಿ ಎಲ್ಲರಿಗೂ ಹೇಳ್ತೀನಿ" ಎಂದಳು ಅವಳು. "ಯಾಕೆ ಬರೀತೀನಿ ಅಂತ ಗೊತ್ತಾದ್ರೆ ಅವರಿಗೂ ಸುಲಭ."

"ಬೇಡ" ಎಂದ ಗಂಡ. "ಹೇಳಿದ್ರೆ ಹುಚ್ಚಿ ಅಂತಾರೆ. ನಿನ್ನ ಹಿಂದೆ ಆಡ್ಕೊಂಡು ನಗ್ತಾರೆ."

"ಈಗಲೂ ನಗ್ತಾರಲ್ಲ ಅಪ್ಪ" ಎಂದಳು ಮಗಳು.

"ನೀನು ಸುಮ್ನಿರು. ಅಲ್ಲಿ ಕೆಲಸ ಮಾಡೋನು ನಾನು. ಜನ ಹೇಗೆ ಅಂತ ನನಗೆ ಗೊತ್ತು." ಅವನು ಹೆಂಡತಿಯ ಕಡೆ ತಿರುಗಿದ. "ಇದು ನಾಲ್ಕು ಗೋಡೆ ದಾಟಬಾರದು. ಮಾತು ಕೊಡು."

ಮನುಷ್ಯರ ವಿಷಯದಲ್ಲಿ ಅವನಿಗೆ ತನಗಿಂತ ಹೆಚ್ಚು ತಿಳಿಯುತ್ತದೆ ಎಂದು ಅವಳು ಇಪ್ಪತ್ತೆರಡು ವರ್ಷದಿಂದ ನಂಬಿದ್ದಳು. "ಆಯ್ತು. ನೀವು ಹೇಳು ಅನ್ನೋ ತನಕ ಯಾರಿಗೂ ಹೇಳಲ್ಲ" ಎಂದಳು. ಅವಳು ಮಾತು ಕೊಟ್ಟರೆ ಮುಗಿಯಿತು. ಅದನ್ನು ಮುರಿಯುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ, ಅದು ಅವಳ ಗಂಡನಿಗೆ ಚೆನ್ನಾಗಿ ಗೊತ್ತಿತ್ತು.

ಅವನಿಗೆ ಭಯವಿದ್ದದ್ದು ಹೆಂಡತಿಯ ಬಗ್ಗೆಯಲ್ಲ ಎಂದು ನಾನು ಹೇಳಿದರೆ ಅದು ಪೂರ್ತಿ ನ್ಯಾಯವಾಗಲಾರದು. ಅವಳ ಬಗ್ಗೆಯೂ ಸ್ವಲ್ಪ ಇತ್ತು. ಆದರೆ ಹೆಂಡತಿಯ ವಿಚಿತ್ರಗಳನ್ನು ಹೇಳಿಕೊಂಡು ನಗಿಸುವ ಗಂಡ ಟೀ ಕೋಣೆಯಲ್ಲಿ ಎಲ್ಲರಿಗೂ ಬೇಕಾದವನು. ಅದೇ ವಿಚಿತ್ರಕ್ಕೆ ವೈದ್ಯರ ಹೆಸರು ಬಿದ್ದರೆ ಮರುದಿನದಿಂದ ಅವನ ಕತೆಗಳಿಗೆ ಯಾರೂ ನಗುವಂತಿರಲಿಲ್ಲ.

ಮರುವಾರ ಅವನ ಎಡಗಡೆಯ ದವಡೆ ಹಲ್ಲು ನೋಯತೊಡಗಿತು. ಹಲ್ಲಿನವರ ಹತ್ತಿರ ಹೋಗಲು ಹೆದರಿ ದಿನ ತಳ್ಳಿದ. ಗುರುವಾರ ಟೀ ಕೋಣೆಯಲ್ಲಿ ಡಬ್ಬಿ ಬಿಚ್ಚಿದಾಗ ಮುಚ್ಚಳದ ಕೆಳಗೆ ಚೀಟಿಯಿತ್ತು.

"ಏನಪ್ಪಾ ಇವತ್ತಿನ ಆರ್ಡರು?" ಎಂದಳು ಕೌಂಟರಿನಾಕೆ.

ಅವನು ಎದ್ದು ನಿಂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಹೆಂಡತಿಯ ಏರಿಳಿತವಿಲ್ಲದ ಧ್ವನಿಯಲ್ಲಿ ಓದಿದ. "ಎಡಗಡೆ ಅಗಿಯಬೇಡಿ. ತರಕಾರಿ ಮೆತ್ತಗೆ ಬೇಯಿಸಿದ್ದೀನಿ. ಬ್ರೆಡ್ಡಿನ ಅಂಚು ಕತ್ತರಿಸಿದ್ದೀನಿ. ನಾಲ್ಕು ಗಂಟೆಗೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ."

ಟೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಮುಕ್ಕಳಿಸಿದ್ದಕ್ಕೆ ರಸೀದಿ ಕೊಡಬೇಕಾ?" ಎಂದ ಕಾವಲುಗಾರ. ಬೈಂಡರನೂ ನಕ್ಕ, ಬಲಗಡೆಯಿಂದ ಅಗಿಯುತ್ತಾ. ತರಕಾರಿ ನಿಜಕ್ಕೂ ಮೆತ್ತಗಿತ್ತು.

"ಆ ಚೀಟಿ ನಾನಿಟ್ಕೊಳ್ಳಾ?" ಎಂದಳು ಕೌಂಟರಿನಾಕೆ.

"ಇಟ್ಕೊಳ್ಳಿ. ಮನೇಲಿ ಮೂಟೆಗಟ್ಲೆ ಇದೆ."

ಅದೇ ತಿಂಗಳ ಕೊನೆಗೆ ಕೌಂಟರಿನಾಕೆ ಒಂದು ಕಟ್ಟು ಹಾಳೆ ತಂದು ಅವನ ಮೇಜಿನ ಮೇಲಿಟ್ಟಳು. ಒಂದೊಂದು ಹಾಳೆಗೆ ಒಂದೊಂದು ಚೀಟಿ ಅಂಟಿಸಿತ್ತು, ಒಟ್ಟು ನಲವತ್ತಮೂರು. ಮೇಲೆ ದೂರಿನ ಪತ್ರ, ಕೊನೆಗೆ ಹದಿನೈದು ಸಹಿ. "ನಿಮ್ಮ ಸಹಿ ಕೇಳಲ್ಲ, ಅಷ್ಟು ಕೆಟ್ಟವರಲ್ಲ ನಾವು" ಎಂದಳು. "ಸುಮ್ನೆ ಒಂದು ಹೊಲಿಗೆ ಹಾಕಿಕೊಡಿ. ಗ್ರಂಥಾಲಯದ ಮಂಡಳಿಗೆ ಹೋಗೋದು, ಬಿಡಿ ಹಾಳೆ ಚೆನ್ನಾಗಿರಲ್ಲ. ಜೆರಾಕ್ಸ್ ಸೇರಿ ಎರಡು ಪ್ರತಿ ಮಾಡಬೇಕು, ಒಂದು ಮೇಡಂಗೂ ಕೊಡ್ತಾರಂತೆ. ಆ ಅಸಲಿ ಚೀಟಿ ಇರೋದು ಅವರಿಗೇ ಹೋಗಲಿ, ತಾನೇ ಬರೆದದ್ದು ಅಲ್ಲ ಅನ್ನಬಾರದಲ್ಲ."

"ಇದರಿಂದ ಏನಾಗತ್ತೆ?"

"ಏನೂ ಆಗಲ್ಲ. ಕರೆದು ಸ್ವಲ್ಪ ಬುದ್ಧಿ ಹೇಳ್ತಾರೆ. ನಿಮಗೂ ನೆಮ್ಮದಿ."

ಬೇಡ ಎನ್ನುವ ಒಂದು ಪದ ಅವನ ಬಾಯಲ್ಲಿ ಬರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಯಾರಿಗೂ ಅವನು ಬೇಡ ಎಂದಿರಲಿಲ್ಲ. ಮಧ್ಯಾಹ್ನವೆಲ್ಲ ಕೂತು ಹೊಲಿದ. ಹೊಲಿಯುವುದೇನೋ ಹೊಲಿದ, ಕೆಟ್ಟದಾಗಿ ಹೊಲಿಯಬಹುದಿತ್ತಲ್ಲ, ಅದೂ ಅವನ ಕೈಗೆ ಬರಲಿಲ್ಲ. ಮೂರನೇ ತೂತಿನ ಒಳಗೆ ಗಂಟು ಅಡಗಿಸಿ, ಬೆನ್ನಿಗೆ ಬೂದು ಬಟ್ಟೆ ಎಳೆದು, ಮೂಲೆಗಳನ್ನು ಮಡಿಸಿ, ಮರದ ಒತ್ತುಮಣೆಯ ಕೆಳಗೆ ಇಟ್ಟು ಮನೆಗೆ ಬಂದ. ಆ ಸಂಜೆ ಹೆಂಡತಿ ಕೇಳಿದ್ದು ಒಂದೇ ಮಾತು. "ಹಲ್ಲು ಹೇಗಿದೆ?"

ಮಂಡಳಿಯ ನೋಟೀಸು ಬಂದ ದಿನ ಮನೆಯಲ್ಲಿ ಅಡುಗೆ ತಡವಾಯಿತು. ಹದಿನೈದು ಜನ ದೂರು ಕೊಟ್ಟಿದ್ದಾರೆ, ಮುಂದಿನ ಮಂಗಳವಾರ ವಿಚಾರಣೆ ಎಂದು ಅದರಲ್ಲಿತ್ತು. ಅವಳು ಅದನ್ನು ಎರಡು ಸಲ ಓದಿ, ಮಡಿಸಿ, ಪಾತ್ರೆ ತೊಳೆಯಲು ನಿಂತಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಾಳೆಂದು ಮಗಳು ನೋಡಿ ನಲ್ಲಿ ನಿಲ್ಲಿಸಿದಳು.

"ಆ ವೈದ್ಯರ ಕಾಗದ ತಗೊಂಡು ಹೋಗಮ್ಮ. ಅದನ್ನ ತೋರಿಸಿದ್ರೆ ಅವರು ನಿನ್ನ ಕುರ್ಚಿ ಮುಟ್ಟೋ ಹಾಗಿಲ್ಲ. ಬರೆದು ಕೆಲಸ ಮಾಡೋಕೆ ಅನುಕೂಲ ಮಾಡಿಕೊಡಬೇಕು, ನಿಯಮ ಇದೆ."

"ಅಪ್ಪನಿಗೆ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಅಪ್ಪನೇ ಬಿಡಿಸಲಿ."

ಮೂರು ಜನರೂ ಬೈಂಡರನ ಕಡೆ ನೋಡಿದರು. ಅತ್ತೆ ಕೂಡ, ಬಟಾಣಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ.

"ಅದೇನು ಕೊಲೆ ಮೊಕದ್ದಮೆನಾ?" ಎಂದ ಅವನು. "ಕರೆದು ನಾಲ್ಕು ಮಾತು ಹೇಳಿ ಕಳಿಸ್ತಾರೆ. ಅಷ್ಟಕ್ಕೆ ಈ ಕಾಗದ ಹಿಡ್ಕೊಂಡು ಹೋಗಿ ಇಡೀ ಜನ್ಮಕ್ಕೆ ಹೆಸರು ಕೆಡಿಸ್ಕೊಳ್ಳೋದಾ? ನಾನಿದ್ದೀನಲ್ಲ ಅಲ್ಲಿ."

"ನೀವು ಏನಾದ್ರೂ ಕೇಳಿದ್ದೀರಾ ಇದರ ಬಗ್ಗೆ? ಮೊದಲೇ?" ಎಂದಳು ಹೆಂಡತಿ.

"ನಾನು ಒಳಗಡೆ ಗೋಂದು ಕಲಸ್ಕೊಂಡು ಕೂತಿರೋನು. ನನಗೆ ಯಾರು ಹೇಳ್ತಾರೆ?"

ಅವಳು ತಲೆಯಾಡಿಸಿದಳು. ಗಂಡ ಹೇಳಿದ್ದನ್ನು ಅನುಮಾನಿಸುವ ಅಭ್ಯಾಸ ಅವಳಿಗಿರಲಿಲ್ಲ. ಮಗಳು ಮಾತ್ರ ಊಟಕ್ಕೆ ಕಾಯದೆ ಒಳಗೆ ಹೋದಳು. "ಹಸಿದುಕೊಂಡು ಮಲಗಬೇಡ" ಎಂದು ಅಜ್ಜಿ ಎರಡು ಸಲ ಕೂಗಿದರು.

ಮಂಗಳವಾರ ಉದ್ದನೆಯ ಮೇಜಿನ ಆ ಕಡೆ ಮಂಡಳಿಯ ಕಾರ್ಯದರ್ಶಿ, ಇಬ್ಬರು ಸದಸ್ಯರು ಕೂತಿದ್ದರು. ದೂರು ಕೊಟ್ಟವರ ಪರವಾಗಿ ಕೌಂಟರಿನಾಕೆ. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಅಂದರೆ ಯಾರ ಮನಸ್ಸನ್ನೂ ನೋಯಿಸದೆ ಬೇಗ ಮನೆಗೆ ಹೋಗಬೇಕೆನ್ನುವವನು.

"ನಿಮ್ಮ ಕೆಲಸದ ಬಗ್ಗೆ ದೂರಿಲ್ಲ" ಎಂದ. "ಕೆಲಸ ಅಚ್ಚುಕಟ್ಟು. ದೂರು ನಿಮ್ಮ ರೀತಿ ಬಗ್ಗೆ. ಒಂದು ಸಲ ನೋಡಿ."

ದೂರಿನ ಪುಸ್ತಕವನ್ನು ಅವಳ ಕಡೆ ಸರಿಸಿದ. ಅವಳು ತೆರೆಯಲಿಲ್ಲ. ಬೆನ್ನಿನ ಬೂದು ಬಟ್ಟೆಯನ್ನು ನೋಡಿದಳು. ಹೆಬ್ಬೆರಳಿನಿಂದ ಮೂಲೆ ಮುಟ್ಟಿದಳು. ಮಧ್ಯದ ಹಾಳೆ ಬಿಡಿಸಿ ಮೂರನೇ ತೂತು ಹುಡುಕಿದಳು. ಗಂಟು ಒಳಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕೈಯಿಂದ ಬಂದ ಸಾವಿರಾರು ಪುಸ್ತಕಗಳಿಗೆ ಅವಳು ಕಾರ್ಡು ಬರೆದಿದ್ದಳು. ಇಡೀ ಊರಿನಲ್ಲಿ ಗಂಟನ್ನು ಹಾಗೆ ಅಡಗಿಸುವವನು ಒಬ್ಬನೇ.

"ಹದಿನೆಂಟನೇ ಚೀಟಿ ಓದ್ತೀನಿ" ಎಂದ ಕಾರ್ಯದರ್ಶಿ ತನ್ನ ಪ್ರತಿಯಿಂದ. "'ನಿಮ್ಮ ಅಳು ಓದುವ ಕೋಣೆಗೆ ಕೇಳಿಸುತ್ತಿದೆ. ಹಿಂದಿನ ಕೋಣೆಯ ಬೀಗ ತೆಗೆದಿದ್ದೇನೆ. ಐದು ಗಂಟೆಯವರೆಗೆ ಯಾರೂ ಬರುವುದಿಲ್ಲ.' ಇದನ್ನ ಕಪಾಟು ಜೋಡಿಸೋ ಹೆಂಗಸಿಗೆ ಕೊಟ್ಟಿದ್ದೀರಿ. ಅವತ್ತು ಅವರ ತಂಗಿ ಆಸ್ಪತ್ರೇಲಿದ್ರಂತೆ."

"ಹೌದು. ಓದೋಕೆ ಬಂದವರು ಇಬ್ಬರು ತಿರುಗಿ ನೋಡ್ತಿದ್ರು. ಅವರಿಗೆ ಮುಜುಗರ ಆಗಬಾರದು ಅಂತ ಬೀಗ ತೆಗೆದೆ."

"ಹತ್ತಿರ ಹೋಗಿ ಏನಾಯ್ತಮ್ಮ ಅಂತ ಕೇಳಬಹುದಿತ್ತಲ್ಲ?"

"ಕೇಳಬಹುದಿತ್ತು. ಅವರು ಹೇಳಿದ ಮೇಲೆ ನಾನೇನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಬೀಗದ ಕೈ ಎಲ್ಲಿದೆ ಅಂತ ಗೊತ್ತಿತ್ತು."

ಕೌಂಟರಿನಾಕೆ ಕಾರ್ಯದರ್ಶಿಯ ಮುಖ ನೋಡಿ ಹುಬ್ಬೇರಿಸಿದಳು, ನೀವೇ ನೋಡಿ ಎನ್ನುವಂತೆ. ಮುಖ್ಯಸ್ಥೆ ಪುಟ ತಿರುವುತ್ತಾ ಹೋದಳು. ಮೂವತ್ತೊಂದಕ್ಕೆ ಬಂದು ನಿಂತಳು. *ಎಡಗಡೆ ಅಗಿಯಬೇಡಿ.* ಅದರ ಹಿಂದೆ ಇನ್ನೆರಡು, ಅವೂ ಡಬ್ಬಿಯವೇ.

"ಇವು ಆಫೀಸಿನವಲ್ಲ" ಎಂದಳು.

"ಅದೇ ಹೇಳಿದ್ದು ಸಾರ್" ಎಂದಳು ಕೌಂಟರಿನಾಕೆ. "ಸ್ವಂತ ಗಂಡನಿಗೂ ಲಿಖಿತ ಆದೇಶ. ಇನ್ನು ನಾವ್ಯಾವ ಲೆಕ್ಕ?"

ಕಾರ್ಯದರ್ಶಿ ಕೆಮ್ಮಿದ. "ನೋಡಿ, ನೇರವಾಗಿ ಕೇಳ್ತೀನಿ. ಹೀಗೆ ಬರೆದೇ ಹೇಳೋದಕ್ಕೆ ಏನಾದ್ರೂ ಕಾರಣ ಇದೆಯಾ? ಇದ್ರೆ ಹೇಳಿ, ನಮಗೂ ದಾರಿ ಸಿಗತ್ತೆ."

"ಇದೆ."

"ಏನು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ನನ್ನ ಗಂಡನಿಗೆ. ಅವರು ಬಿಡಿಸಿದ್ರೆ ಹೇಳ್ತೀನಿ."

ಬೈಂಡರನನ್ನು ಕರೆಸಿದರು. ಅವನು ಗೋಂದಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬಂದು ನಿಂತ. ಹೆಂಡತಿ ಅವನನ್ನು ನೋಡಿದಳು. ಅವಳು ಸಾಮಾನ್ಯವಾಗಿ ಯಾರ ಕಣ್ಣನ್ನೂ ನೋಡುವವಳಲ್ಲ. ಅವತ್ತು ನೋಡಿದಳು, ಅದು ಅವಳಿಗೆ ಎಷ್ಟು ಕಷ್ಟ ಎಂಬುದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

"ನಿಮ್ಮ ಮನೆಯವರು ಹೀಗೆ ಬರೆಯೋದಕ್ಕೆ ಏನೋ ಕಾರಣ ಇದೆ ಅಂತಾರೆ. ಇದೆಯಾ?"

ಅವನು ಕಾರ್ಯದರ್ಶಿಯನ್ನು ನೋಡಿದ, ಕೌಂಟರಿನಾಕೆಯನ್ನು ನೋಡಿದ, ಮೇಜಿನ ಮೇಲೆ ತಾನು ಹೊಲಿದ ಎರಡು ಪುಸ್ತಕಗಳನ್ನು ನೋಡಿದ.

"ಅಂಥಾದ್ದೇನಿಲ್ಲ ಸಾರ್. ಸ್ವಭಾವ, ಅಷ್ಟೆ. ಮನೇಲೂ ಹೀಗೇನೆ. ನಾನು ಇಪ್ಪತ್ತೆರಡು ವರ್ಷದಿಂದ ಓದ್ತಾನೇ ಇದ್ದೀನಿ."

ಕೌಂಟರಿನಾಕೆ ನಕ್ಕಳು. ಸದಸ್ಯರಲ್ಲಿ ಒಬ್ಬ ನಗು ತಡೆದುಕೊಂಡ. ಬೈಂಡರನ ತುಟಿಯೂ ಅಭ್ಯಾಸಬಲದಿಂದ ಅಗಲವಾಯಿತು.

ಸ್ವಂತ ಇಚ್ಛೆಯಿಂದ ಹುದ್ದೆ ಬಿಡುತ್ತಿದ್ದೇನೆ ಎಂದು ಬರೆದ ಹಾಳೆಯನ್ನು ಅವಳ ಮುಂದಿಟ್ಟರು. "ಇದು ಸುಳ್ಳು" ಎಂದು ಅವಳು ಸಹಿ ಹಾಕಲಿಲ್ಲ. ಹಾಗಾಗಿ ಅವರೇ ಆದೇಶ ಬರೆದರು. ಮರುದಿನದಿಂದ ಅವಳು ಹಿಂದಿನ ಕೋಣೆಗೆ, ಕೌಂಟರಿನಾಕೆ ಕುರ್ಚಿಗೆ.

ಆ ಸಂಜೆ ಅವಳು ತನ್ನ ಪ್ರತಿಯನ್ನು ಊಟದ ಮೇಜಿನ ಮೇಲಿಟ್ಟು, ಅನ್ನಕ್ಕೆ ನೀರಿಟ್ಟಳು. ಮಗಳು ನಿಂತಲ್ಲೇ ಪುಟ ತಿರುವಿದಳು. ಕನ್ನಡಕ ಸಿಗದ ಅತ್ತೆ "ಗಟ್ಟಿಯಾಗಿ ಓದು" ಎಂದರು. ಓದುತ್ತಾ ಓದುತ್ತಾ ಮೂವತ್ತೊಂದಕ್ಕೆ ಬಂದಾಗ ಮಗಳು ಪುಸ್ತಕ ಮುಚ್ಚಿಟ್ಟಳು.

ಬೈಂಡರ್ ಒಳಗೆ ಬಂದು ಚಪ್ಪಲಿ ಬಿಟ್ಟ.

"ಇದನ್ನ ಹೊಲಿದದ್ದು ಯಾರೋ?" ಎಂದರು ಅತ್ತೆ.

"ಕೊಟ್ರು, ಹೊಲಿದೆ. ಆಫೀಸಿನ ಕೆಲಸ. ನಾನೇನು ಓದ್ತೀನಾ?"

"ಓದಿದ್ದೀರ" ಎಂದಳು ಹೆಂಡತಿ ಒಲೆಯ ಕಡೆಯಿಂದ, ತಿರುಗದೆ. "ಮೂವತ್ತೊಂದನೇ ಚೀಟಿಗೆ ಡಬ್ಬಿಯ ಎಣ್ಣೆ ತಾಗಿತ್ತು. ಪಕ್ಕದ ಹಾಳೆಗೆ ಹರಡಬಾರದು ಅಂತ ಅಲ್ಲಿ ತೆಳು ಕಾಗದ ಇಟ್ಟು ಹೊಲಿದಿದ್ದೀರ. ನೋಡದೆ ಹೇಗೆ ಇಟ್ರಿ?"

ಅವನು ಏನೋ ಹೇಳಲು ಹೋಗಿ ಎಡದವಡೆ ಹಿಡಿದುಕೊಂಡ. ಹಲ್ಲು ನೋಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

"ನಾನು ಮೂವತ್ತು ವರ್ಷ ವಾರ್ಡಲ್ಲಿ ಬರೆದೇ ಬದುಕಿದೆ" ಎಂದರು ಅತ್ತೆ ಮಗನಿಗೆ. "ಎಷ್ಟು ಗಂಟೆಗೆ ಯಾವ ಔಷಧಿ, ಯಾರಿಗೆ ಜ್ವರ, ಯಾರಿಗೆ ಊಟ ಇಲ್ಲ. ಬಾಯಿಮಾತು ನಂಬಿದ್ರೆ ರೋಗಿ ಉಳೀತಿರಲಿಲ್ಲ. ನನಗೆ ಯಾರೂ ಹುಚ್ಚಿ ಅನ್ನಲಿಲ್ಲ, ಬಿಳಿ ಟೋಪಿ ಕೊಟ್ರು. ಇವಳಿಗೆ ಹಟ ಅಂದೆ ನಾನು. ಅದು ನನ್ನ ತಪ್ಪು. ಆದರೆ ನಾನು ಊರ ಮುಂದೆ ಅನ್ನಲಿಲ್ಲ ಕಣೋ. ನೀನು ಅಂದೆ."

"ಎಲ್ಲರ ಮುಂದೆ ನಾನೇನು ಹೇಳಬೇಕಿತ್ತಮ್ಮ? ನನ್ನ ಹೆಂಡತಿಗೆ ತಲೆ ಸರಿ ಇಲ್ಲ ಅಂತಾನಾ?"

"ಅವಳ ತಲೆ ಸರಿಯಾಗೇ ಇದೆ. ನಿನ್ನ ಬೆನ್ನುಮೂಳೆ ನೋಡಿಸ್ಕೋ."

ಹೆಂಡತಿ ಒಲೆ ಆರಿಸಿ ಬಂದು ಕೂತಳು. "ನಿಮಗೆ ಮಾತು ಕೊಟ್ಟಿದ್ದೆ. ಇವತ್ತು ವಾಪಸ್ ತಗೊಂಡಿದ್ದೀನಿ. ಮೊದಲೇ ತಿಳಿಸಬೇಕು ಅಂತ ತಿಳಿಸ್ತಿದ್ದೀನಿ."

"ಈಗ ಹೇಳಿ ಏನು ಬಂತು? ಕುರ್ಚಿ ಹೋಯ್ತಲ್ಲ."

"ಕುರ್ಚಿಗಲ್ಲ. ನಿಜ ಅಂತ."

ಅವತ್ತು ನಾಲ್ಕೂ ತಟ್ಟೆಗಳಲ್ಲಿ ಅನ್ನ ಉಳಿಯಿತು. ಮಗಳು ತಿಂಗಳುಗಟ್ಟಲೆ ಅಪ್ಪನೊಡನೆ ಬೇಕಾದಷ್ಟೇ ಮಾತಾಡಿದಳು, ಅದೂ ಅಜ್ಜಿಯ ಮೂಲಕ.

ಮನೆಯ ಚೀಟಿಗಳು ಹಾಗೆಯೇ ಇದ್ದವು. ಡಬ್ಬಿಯ ಮುಚ್ಚಳದವು, ಪಂಪಿನದು, ಅತ್ತೆಯ ಮಾತ್ರೆಯವು. ಊಟದ ಡಬ್ಬಿಯದು ಮಾತ್ರ ನಿಂತಿತು. ಊಟ ನಿಲ್ಲಲಿಲ್ಲ, ರುಚಿಯೂ ಕೆಡಲಿಲ್ಲ. ಮೊದಲ ದಿನ ಅವನು ಮುಚ್ಚಳವನ್ನು ಮಗುಚಿ ನೋಡಿದ. ಮೂರನೇ ದಿನ ಬ್ರೆಡ್ಡಿನ ಅಂಚನ್ನು ಎಡಗಡೆಯಿಂದ ಅಗಿದು ಹಲ್ಲು ಮುರಿದುಕೊಂಡ.

ಗ್ರಂಥಾಲಯದಲ್ಲಿ ಈಗ ಹೊಸ ಮುಖ್ಯಸ್ಥೆಯಾದ ಕೌಂಟರಿನಾಕೆ ಎರಡು ವಾರ ಎಲ್ಲರ ಜೊತೆ ನಗುನಗುತ್ತಾ ಇದ್ದಳು. ಮೂರನೇ ವಾರ ಪಾಳಿಗಳು ಕಲಸುಮೇಲೋಗರವಾದವು. ಆಗ ಅವಳು ಸುತ್ತೋಲೆ ಹೊರಡಿಸತೊಡಗಿದಳು. ಟೈಪು ಮಾಡಿ, ಮೊಹರು ಹಾಕಿ, ದಿನಕ್ಕೆ ಎರಡು. 'ತಡವಾಗಿ ಬಂದವರ ಅರ್ಧ ದಿನ ಕಡಿತ' ಎಂದು ಒಂದರಲ್ಲಿತ್ತು. ಎಲ್ಲರೂ ಓದಿ, ಸಹಿ ಹಾಕಿ, ತುಟಿ ಪಿಟಕ್ಕೆನ್ನದೆ ಕೆಲಸಕ್ಕೆ ಹೋದರು. ಅವನ್ನು ಯಾರೂ ಹಾಳೆಗೆ ಅಂಟಿಸಿಡಲಿಲ್ಲ.

ಟೀ ಕೋಣೆಯಲ್ಲಿ ಬೈಂಡರನ ಮಾರುಕಟ್ಟೆ ಬಿದ್ದು ಹೋಗಿತ್ತು. "ಏನಪ್ಪಾ, ಚೀಟಿ ಇಲ್ವಾ?" ಎಂದು ಕೇಳಿ ಕೇಳಿ ಜನ ಬಿಟ್ಟರು. ಅವನು ಬೇರೆ ಕತೆಗಳನ್ನು ಹೇಳಿ ನೋಡಿದ. ಹೆಂಡತಿಯಿಲ್ಲದ ಕತೆಗಳಿಗೆ ಯಾರೂ ಅಷ್ಟಾಗಿ ನಗುತ್ತಿರಲಿಲ್ಲ.

ಆರನೇ ವಾರದ ಒಂದು ಮಧ್ಯಾಹ್ನ, ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ, ಕಪಾಟು ಜೋಡಿಸುವ ಹೆಂಗಸು ಒಂದು ಕಾರ್ಡು ಹಿಡಿದು ಬಂದಳು. ಹೊಸ ಪುಸ್ತಕಕ್ಕೆ ಕಾರ್ಡು ಬರೆದಾದ ಮೇಲೆ ಬೆನ್ನಿಗೆ ಸಂಖ್ಯೆ ಅಂಟಿಸಲು ಅದು ಬೈಂಡರನ ಹತ್ತಿರ ಬರುವುದು ಅಲ್ಲಿನ ಪದ್ಧತಿ. "ಪುಸ್ತಕ ನಿಮ್ಮ ಮೇಜಿನ ಮೇಲಿಟ್ಟಿದ್ದೀನಿ. ಕಾರ್ಡು ಕೈಗೇ ಕೊಡಿ ಅಂದ್ರು ಹಿಂದಿನ ಕೋಣೆ ಮೇಡಂ" ಎಂದಳು.

"ಅಂತೂ ಚೀಟಿ ಬಂತು" ಎಂದ ಕಾವಲುಗಾರ. "ಓದಪ್ಪ, ಓದು."

ಸುತ್ತ ಕೂತವರ ಮುಖಗಳು ಅವನ ಕಡೆ ತಿರುಗಿದವು. ಎಷ್ಟೋ ದಿನದ ಮೇಲೆ ತಿರುಗಿದ ಮುಖಗಳು. ಅವನು ಮುಂದೆ ಏನಿದೆಯೆಂದು ನೋಡುವ ತಾಳ್ಮೆಯ ಮನುಷ್ಯನಲ್ಲ. ಎದ್ದು ನಿಂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಹೆಂಡತಿಯ ಧ್ವನಿ ತೆಗೆದ.

"ಹೆಸರು, ನಲವತ್ತಮೂರು ಚೀಟಿಗಳು."

ಎಲ್ಲರೂ ನಕ್ಕರು. ಕಾವಲುಗಾರ ಮೇಜು ಕುಟ್ಟಿದ.

"ಬರೆದವಳು, ಹಿಂದಿನ ಮುಖ್ಯಸ್ಥೆ. ಸಂಗ್ರಹ, ಸಿಬ್ಬಂದಿ, ಹದಿನೈದು ಜನ. ಪುಟ, ನಲವತ್ತೆಂಟು." ನಗು ಸ್ವಲ್ಪ ತಗ್ಗಿತು. ಬಾಗಿಲ ಬಳಿ ಚಹದ ಕಪ್ಪು ಹಿಡಿದು ನಿಂತಿದ್ದ ಹೊಸ ಮುಖ್ಯಸ್ಥೆ ಕಪ್ಪನ್ನು ಕೆಳಗಿಟ್ಟಳು. "ಕಟ್ಟು, ಬೂದು ಬಟ್ಟೆ, ಕೈಹೊಲಿಗೆ, ಉತ್ತಮ. ಬಂದ ಬಗೆ, ದಾನ. ಯಾರು ಬೇಕಾದರೂ ಪಡೆದು ಓದಬಹುದು. ಷರಾ..."

ಅಷ್ಟು ಹೊತ್ತಿಗೆ ಅವನ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ಧ್ವನಿ ಹೆಂಡತಿಯದರಿಂದ ಜಾರಿ ಅವನದೇ ಆಯಿತು.

"ಷರಾ, ಈ ಚೀಟಿಗಳನ್ನು ಬರೆದವಳಿಗೆ ಆಟಿಸಂ ಇದೆ. ಹಲವರು ಒಟ್ಟಿಗೆ ಮಾತಾಡಿದರೆ ಅವಳಿಗೆ ಮಾತು ಬಿಡಿಯಾಗಿ ಕೇಳಿಸುವುದಿಲ್ಲ. ಅದಕ್ಕಾಗಿ ಬರೆದಳು. ಮೂವತ್ತೊಂದರಿಂದ ಮೂವತ್ತಮೂರರವರೆಗಿನ ಚೀಟಿಗಳು ಊಟದ ಡಬ್ಬಿಯವು."

ಅಲ್ಲಿಗೆ ನಿಲ್ಲಿಸಿದ. ಕಾರ್ಡಿನಲ್ಲಿ ಇನ್ನೂ ಎರಡು ಸಾಲು ಇದ್ದದ್ದು ಪಕ್ಕದಲ್ಲಿ ನಿಂತವಳಿಗೆ ಕಾಣುತ್ತಿತ್ತು.

"ಮುಂದೆ ಓದಿ" ಎಂದಳು ಕಪಾಟು ಜೋಡಿಸುವ ಹೆಂಗಸು. ಹದಿನೆಂಟನೇ ಚೀಟಿ ಅವಳದು. ಆ ದಿನ ಐದು ಗಂಟೆಯವರೆಗೆ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದಳು. ನಿಜವಾಗಿ ಯಾರೂ ಬಂದಿರಲಿಲ್ಲ. ಆಮೇಲೆ ಎಲ್ಲರೂ ಹಾಕಿದರೆಂದು ಸಹಿಯನ್ನೂ ಹಾಕಿದ್ದಳು.

ಬೈಂಡರ್ ಓದಲಿಲ್ಲ. ಅವಳು ಕೈ ಚಾಚಿ ಅವನ ಬೆರಳುಗಳಿಂದ ಕಾರ್ಡು ಬಿಡಿಸಿಕೊಂಡಳು. ಓದು ಅಷ್ಟು ಸರಾಗವಿಲ್ಲದವಳು, ಒಂದೊಂದು ಪದಕ್ಕೂ ನಿಂತು ನಿಂತು ಓದಿದಳು.

"ಹೊಲಿದವನು, ಅವಳ ಗಂಡ. ಕಾರಣ ಅವನಿಗೆ ಮೊದಲೇ ಗೊತ್ತಿತ್ತು."